ಗಲ್ಲಕ್ಕೆ ಕುಳಿ ತೋಡುವ ಬ್ರಷ್

ನನ್ನ ತಂಗಿ ಬೈಲಹೊಂಗಲದಲ್ಲಿ ಮದುಮಗಳಿಗೆ ಮೇಕಪ್ ಮಾಡುತ್ತಾಳೆ. ಮುಂದಿನ ಕೋಣೆಯಲ್ಲಿ ಪಾರ್ಲರ್, ಹಿಂದೆ ಅಡುಗೆಮನೆ, ನಡುವೆ ದೇವರ ಜಗಲಿ. ಲಗ್ನದ ಸೀಜನ್ ಬಂತೆಂದರೆ ನಾನು ಸಾಲಹಳ್ಳಿಯಿಂದ ಬಂದು ಅವಳ ಮನೆಯಲ್ಲಿ ರೊಟ್ಟಿ ಬಡಿಯುತ್ತೇನೆ, ಮದುವೆಗಳಿಗೆ ಅವಳ ಬ್ಯಾಗ್ ಹೊರುತ್ತೇನೆ. ಏಳನೇ ತರಗತಿಗೆ ಶಾಲೆ ಬಿಟ್ಟವಳು ನಾನು. ಹಾಗಿದ್ದೂ ಅವಳ ಕೆಲಸ ಕಂಡರೆ ಮೂಗು ಮುರಿಯುತ್ತಿದ್ದವಳೂ ನಾನೇ.

ಅದರಲ್ಲೂ ಕಾಂಟೂರ್ ಅನ್ನುವುದನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಗಲ್ಲದ ಎಲುಬಿನ ಕೆಳಗೆ, ದವಡೆಯ ಅಂಚಿಗೆ, ಮೂಗಿನ ಎರಡೂ ಬದಿಗೆ ಕಂದು ಬಣ್ಣ ಹಚ್ಚಿ ನೆರಳು ಬಿದ್ದ ಹಾಗೆ ಮಾಡುವುದು. ಮುಖ ಸಪೂರ ಕಾಣುತ್ತದಂತೆ! ಜೋಳದ ರೊಟ್ಟಿ, ಕೆನೆಮೊಸರು, ಶೇಂಗಾ ಹಿಂಡಿ ತಿಂದು ದುಂಡಗಾದ ಗಲ್ಲ. ಅದಕ್ಕೆ ದುಡ್ಡು ಕೊಟ್ಟು ಉಪವಾಸ ಬಿದ್ದವರ ಕುಳಿ ತೋಡಿಸಿಕೊಳ್ಳುತ್ತಾರೆ. ಮರುದಿನ ಮುಖ ತೊಳೆದರೆ ಗಂಡನಿಗೆ ಯಾರೋ ಬೇರೆಯವಳು ಕಂಡ ಹಾಗಾಗಬೇಕು.

ಆ ಕುಳಿ ತೋಡಲು ಬ್ರಷ್ ಆರಿಸುವುದಂತೂ ಎತ್ತು ಆರಿಸಿದ ಹಾಗೆ. ತಂಗಿ ಒಂದೊಂದನ್ನೇ ಹಿಡಿದು ಕೂದಲು ಜಗ್ಗುವಳು, ಉದುರುತ್ತವೆಯೋ ಎಂದು. ಅಂಗೈಯ ಹಿಂಬದಿಗೆ ಒತ್ತುವಳು, ಬಾಗಿದ್ದು ಮತ್ತೆ ಎದ್ದು ನಿಲ್ಲಬೇಕು.

"ಅಕ್ಕಾ, ಇಲ್ನೋಡ. ತುದಿ ಓರಿ ಕತ್ತರಿಸಿರಬೇಕು, ಅಂದ್ರ ಗಲ್ಲದ ಕೆಳಗ ಸರಿಯಾಗಿ ಕೂಡ್ತೈತಿ. ಎರಡ ಬೆರಳಿಗಿಂತ ಅಗಲ ಇದ್ರ ಮಾರಿ ತುಂಬ ಮಸಿ ಬಳದಂಗ ಆಕ್ಕೈತಿ. ಕ್ರೀಮಿಗೆ ಕೂದಲು ಒತ್ತಾಗಿರಬೇಕು, ಪೌಡರಿಗೆ ಸಡ್ಲ."

"ನಮ್ಮ ಕಾಲದಾಗ ಮಸಿ ಹತ್ತಿದ್ರ ತೊಳ್ಕೋತಿದ್ವಿ. ಈಗ ಹಚ್ಚಾಕ ಬ್ರಷ್ ಬ್ಯಾರೆ," ಅನ್ನುತ್ತಿದ್ದೆ ನಾನು.

ಹೀಗೆ ಅವಳು ಬೈಲಹೊಂಗಲದ ಪೇಟೆಯ ಒಂದು ಅಂಗಡಿಯಲ್ಲಿ ಜೇನುಬಣ್ಣದ ಕೂದಲಿನ ಬ್ರಷ್ ಒಂದನ್ನು ಆರಿಸಿ ತಂದಳು. ಕಿತ್ತೂರಿನಲ್ಲಿ ವ್ಯಾಪಾರಸ್ಥರ ಮನೆಯ ದೊಡ್ಡ ಮದುವೆ. ಅಂಥ ಮನೆಯ ಕೆಲಸ ಅವಳಿಗೆ ಅದೇ ಮೊದಲು. ಅದೊಂದು ಚೆಂದ ಆದರೆ ಹೆದ್ದಾರಿಯ ಕಡೆಯ ಮದುವೆಗಳೆಲ್ಲ ತನಗೇ ಬರುತ್ತವೆ ಎಂದುಕೊಂಡಿದ್ದಳು.

ಮದುವೆಯ ಹಿಂದಿನ ದಿನ ಅವಳು ಮದುಮಗಳ ಸೀರೆ ನೋಡಿ ಬರಲು ಹೋಗಿದ್ದಳು. ನಾನು ಜಗಲಿ ತೊಳೆಯಲು ಕುಳಿತೆ. ಜಗಲಿಯ ಮೇಲೆ ನಮ್ಮ ತಾಯಿಯ ಕಾಲದ ಎಲ್ಲಮ್ಮನ ಬೆಳ್ಳಿ ಮುಖ ಇದೆ. ಸವದತ್ತಿಯ ಗುಡ್ಡಕ್ಕೆ ಹೋಗಿ ತಂದ ಭಂಡಾರವನ್ನು, ಅಂದರೆ ಅರಿಷಿಣ ಪುಡಿಯನ್ನು, ಹುಣ್ಣಿಮೆಗೊಮ್ಮೆ ಅದಕ್ಕೆ ಹಚ್ಚುತ್ತೇವೆ. ಮೂಗಿನ ಬದಿಗೆ, ಗಲ್ಲದ ಕೆಳಗೆ ಅದು ಗಟ್ಟಿಯಾಗಿ ಕುಳಿತಿತ್ತು. ಬಟ್ಟೆಗೆ ಬರಲಿಲ್ಲ. ಮುಂದಿನ ಕೋಣೆಯಲ್ಲಿ ಆ ಹೊಸ ಬ್ರಷ್ ಕಂಡಿತು. ತಂದು ಒರೆಸಿದೆ. ಓರೆ ತುದಿ ದೇವಿಯ ಗಲ್ಲದ ಕೆಳಗೆ ಅಳತೆ ತೆಗೆದ ಹಾಗೆ ಕುಳಿತಿತು, ಭಂಡಾರವೆಲ್ಲ ಸಲೀಸಾಗಿ ಬಂತು. ತಂಗಿ ಹೇಳಿದ್ದು ನಿಜ ಎಂದು ಮನಸ್ಸು ಒಪ್ಪಿತು. ಸೆರಗಿಗೆ ಬ್ರಷ್ ಬಡಿದು ಎಲ್ಲಿತ್ತೋ ಅಲ್ಲೇ ಇಟ್ಟೆ. ಮಸಿ ಬಳಿಯುವ ಸಾಮಾನಿಗೆ ಇಷ್ಟು ಸಾಕು ಅಂದುಕೊಂಡೆ.

ಮರುದಿನ ಕಿತ್ತೂರಿನಲ್ಲಿ ಅವಳು ಮದುಮಗಳ ಮುಖಕ್ಕೆ ಕ್ರೀಮ್ ಹಚ್ಚಿ, ಕಂದು ಬಣ್ಣದಲ್ಲಿ ಆ ಬ್ರಷ್ ಅದ್ದಿ, ಗಲ್ಲದ ಮೇಲೆ ಎಳೆದಳು. ಕೂದಲಿನ ಬುಡದಲ್ಲಿ ಉಳಿದಿದ್ದ ಭಂಡಾರ ಹಸಿ ಕ್ರೀಮಿಗೆ ಬಿಟ್ಟುಕೊಂಡಿತು. ಕಿವಿಯಿಂದ ಬಾಯಿಯವರೆಗೆ ಹಳದಿ ಪಟ್ಟೆ. ಅವಳು ಒರೆಸಿದಷ್ಟೂ ಅದು ಹರಡಿತು.

ಮದುಮಗಳ ಅತ್ತೆ ಕೂಗಿದಳು: "ಅಯ್ಯ ಯವ್ವಾ! ಅರಿಷಿಣ ಹಚ್ಚೂದು ನಿನ್ನೆನ ಮುಗದೈತಿ. ಇವರ‍್ಯಾಕ ಮತ್ತ ಹಚ್ಚಾಕತ್ತಾರ? ಹುಡುಗಿ ಕಾಮಣಿ ಬ್ಯಾನಿ ಬಂದಾಕಿ ಹಂಗ ಕಾಣಾಕತ್ತಾಳಲ್ಲ!"

ಕೋಣೆ ತುಂಬ ನಗೆ. ಮದುಮಗಳು ಅಳತೊಡಗಿದಳು. ಮುಖವೆಲ್ಲ ತೊಳೆದು ಮತ್ತೆ ಹಚ್ಚುವಷ್ಟರಲ್ಲಿ ಅಕ್ಕಿಕಾಳಿನ ಮುಹೂರ್ತ ಮೀರಿತು. ಪಕ್ಕದಲ್ಲಿ ಬ್ಯಾಗ್ ಹಿಡಿದು ನಿಂತಿದ್ದ ನನಗೆ ಅದು ಏನೆಂದು ಗೊತ್ತಿತ್ತು. ಬಾಯಿ ತೆರೆಯಲಿಲ್ಲ.

"ಬ್ರಷ್ಷಿನ ಕೂದಲಿಗೆ ಹುಸಿ ಬಣ್ಣ ಹಾಕ್ಯಾನ ಆ ಅಂಗಡ್ಯಾಂವ," ಅಂದಳು ತಂಗಿ, ಬಸ್ಸಿನಲ್ಲಿ. ಮರುದಿನ ಆ ಅಂಗಡಿಯವನ ಜತೆ ಬಜಾರಿನ ನಡುವೆ ಜಗಳಾಡಿದಳು. ಕೆಲಸ ಕಲಿಯಲು ಬಂದ ಹುಡುಗಿಯರಿಗೆಲ್ಲ ಆ ಅಂಗಡಿ ಹತ್ತಬೇಡಿ ಎಂದು ಹೇಳಿದಳು. ಆಮೇಲೆ ಬ್ರಷ್ ಬೇಕಾದರೆ ಬೆಳಗಾವಿಗೇ ಹೋಗುತ್ತಿದ್ದಳು. ಹಸಿ ಬಿಳಿ ಬಟ್ಟೆಗೆ ತಿಕ್ಕಿ ನೋಡದೆ ಒಂದನ್ನೂ ಕೊಳ್ಳುತ್ತಿರಲಿಲ್ಲ. ಅದನ್ನೇ ಕಲಿಸಿದಳು ಕೂಡ. ಹೆದ್ದಾರಿಯ ಕಡೆಯ ಮದುವೆಗಳು ಅವಳಿಗೆ ಬರಲಿಲ್ಲ. ಅವಳು ಬಟ್ಟೆಗೆ ಬ್ರಷ್ ತಿಕ್ಕುವಾಗಲೆಲ್ಲ ನಾನು ಬೇರೆ ಕಡೆ ನೋಡುತ್ತಿದ್ದೆ, ನಿಂತಲ್ಲೇ ಇನ್ನೊಂದು ಕೊಂಕು ಆಡುತ್ತಿದ್ದೆ.

ಈ ಸಲ ಸವದತ್ತಿಯ ಮದುವೆಯೊಂದರ ಮುನ್ನಾದಿನ ಅವಳ ಕಾಂಟೂರ್ ಬ್ರಷ್ಷಿನ ಹಿಡಿಕೆ ಮುರಿಯಿತು. ಬೆಳಗಾವಿಗೆ ಹೋಗಿ ಬರುವಷ್ಟು ಹೊತ್ತಿರಲಿಲ್ಲ. ಗತಿಯಿಲ್ಲದೆ ಅದೇ ಅಂಗಡಿಗೆ ಹೋದೆವು.

"ಬರ‍್ರಿ ಅಕ್ಕಾರ. ಬಿಳೀ ಅರಬಿ ತಂದೀರೋ, ನಾನ ಕೊಡ್ಲೊ?" ಅಂದ ಅಂಗಡಿಯವನು.

ತಂಗಿ ತನ್ನ ಬಟ್ಟೆಯನ್ನೇ ತೆಗೆದಳು. ಅದೇ ಜೇನುಬಣ್ಣದ ಕೂದಲಿನದನ್ನು ನೀರಲ್ಲಿ ಅದ್ದಿ ತಿಕ್ಕಿದಳು. ಬಟ್ಟೆ ಬೆಳ್ಳಗೇ ಉಳಿಯಿತು. ಇನ್ನೊಂದನ್ನು ತಿಕ್ಕಿದಳು.

"ಊರಾಗ ಎಲ್ಲಾರಿಗೂ ಇದನ್ನ ಮಾರೇನಿ. ಹಳದಿ ಬಿಟ್ಟಿದ್ದು ನಿಮಗೊಬ್ಬರಿಗೆ. ನಿಮ್ಮ ಬಾಯಿಗೆ ಅಂಜಿ ಪಾರ್ಲರ್ ಹುಡುಗ್ಯಾರು ಈ ಕಡೆ ಹಾಯೂದು ಬಿಟ್ಟಾರ."

"ಹಳದಿ ಬಿಟ್ಟಿದ್ದು ಖರೇ ಐತಿ," ಅಂದಳು ತಂಗಿ. "ನಮ್ಮಕ್ಕ ಅಲ್ಲೇ ನಿಂತಿದ್ಲು. ಕೇಳ್ರಿ ಬೇಕಾದ್ರ."

ಇಬ್ಬರೂ ನನ್ನ ಮುಖ ನೋಡಿದರು.

"ಅದು ಭಂಡಾರ," ಅಂದೆ. "ಹಿಂದಿನ ದಿನ ಆ ಬ್ರಷ್ಷಿಲೆ ದೇವಿ ಮಾರಿ ಒರಸಿದ್ದೆ."

ಅಂಗಡಿಯವನಿಗೆ ನಗು ತಡೆಯಲಾಗಲಿಲ್ಲ. "ಹಂಗಾದ್ರ ಪ್ರಸಾದ ಅಂತ ಹೇಳಬೇಕಿಲ್ರಿ ಕಿತ್ತೂರ ಮಂದಿಗೆ!"

ತಂಗಿ ನಗಲಿಲ್ಲ. ಬಟ್ಟೆ ಮಡಚಿ ಬ್ಯಾಗಿಗೆ ಹಾಕಿ, ಬ್ರಷ್ಷಿನ ದುಡ್ಡು ಕೊಟ್ಟಳು. "ತಪ್ಪಾತ್ರಿ ಅಣ್ಣಾರ," ಎಂದು ಅವನಿಗೆ ಕೈಮುಗಿದಳು. ಕೈ ಮುಗಿಯಬೇಕಾದವಳು ನಾನು. ನಾನು ಪಕ್ಕದಲ್ಲಿ ನಿಂತು ಬ್ರಷ್‌ಗಳನ್ನು ನೋಡುತ್ತಿದ್ದೆ. ದಾರಿಯಲ್ಲಿ ಅವಳು ಒಂದೇ ಮಾತು ಕೇಳಿದಳು: "ಅವತ್ತ ನೀ ಅಲ್ಲೇ ನಿಂತಿದ್ದಿಯಲ್ಲ. ಆ ಬಾಯಿ ಬಡಕ ಅತ್ತಿಗಾದ್ರೂ ಒಂದ ಮಾತು ಹೇಳಬಾರದಿತ್ತ?"

ಕುಳಿ ತೋಡಿಸಿಕೊಳ್ಳುವ ಹುಡುಗಿಯರನ್ನು ಹೀಯಾಳಿಸಲು ಎಷ್ಟೋ ಮಾತು ಸಿಕ್ಕಿದ್ದವು. ಇದಕ್ಕೆ ಒಂದೂ ಸಿಗಲಿಲ್ಲ.

ಮರುದಿನ ಅವಳು ಸವದತ್ತಿಗೆ ಬ್ಯಾಗನ್ನು ತಾನೇ ಹೊತ್ತುಕೊಂಡು ಹೋದಳು. ಬ್ರಷ್ಷಿನ ಚೀಲ ಈಗ ಟ್ರಂಕಿನಲ್ಲಿರುತ್ತದೆ, ಬೀಗ ಹಾಕಿ. ನಾನು ಜಗಲಿಯ ಮುಂದೆ ಕುಳಿತು ಒದ್ದೆ ಬಟ್ಟೆಯ ಚುಂಗಿನಿಂದ ಬೆಳ್ಳಿ ಮುಖ ತಿಕ್ಕುತ್ತೇನೆ. ಗಲ್ಲದ ಕೆಳಗಿನ ಹಳದಿಯವರೆಗೆ ಬಟ್ಟೆ ತಲುಪುವುದಿಲ್ಲ.