ಝಹೀರ್ ಮಾಸ್ತರರ ಹಗುರ ವಾರ

ಕಲಬುರಗಿಯ ನೆಹರು ಗಂಜಿನ ಹಿಂದೆ, ತೊಗರಿ ಗೋದಾಮುಗಳ ಸಾಲಿನಲ್ಲಿ ಒಂದು ತಗಡಿನ ಶೆಡ್ಡಿದೆ. ಅಲ್ಲಿ ಝಹೀರ್ ಮಾಸ್ತರರು ಓಟಗಾರರಿಗೆ, ಕಬಡ್ಡಿಯವರಿಗೆ, ಪೈಲ್ವಾನರಿಗೆ ಕಸುವು ತುಂಬುತ್ತಾರೆ. ಕನ್ನಡಿ ಇಲ್ಲ, ಹಾಡಿಲ್ಲ. ಮೈ ತೋರಿಸಿಕೊಳ್ಳಲು ಬಂದವರು ಎರಡನೆಯ ದಿನಕ್ಕೇ ಜಗತ್ ಸರ್ಕಲ್ಲಿನ ಎಸಿ ಜಿಮ್ಮಿನ ದಾರಿ ಹಿಡಿಯುತ್ತಾರೆ. ಹೋಗಲಿ ಬಿಡಿ, ಮಾಸ್ತರರಿಗೂ ಅವರ ಕಾಟ ಬೇಡ.

ಮೋಮಿನಪುರದ ಈ ಮನುಷ್ಯ ಹರೆಯದಲ್ಲಿ ಭಾರ ಎತ್ತುವ ಸ್ಪರ್ಧೆಗಳಿಗೆ ಹೋಗುತ್ತಿದ್ದವರು. ಮೊಣಕಾಲು ನೋಯುತ್ತಿದೆ ಎಂದು ತಮ್ಮ ಕೋಚ್‌ಗೆ ಹೇಳಲು ಅಂಜಿ ಅಂಜಿ ಕೊನೆಗೆ ಆಟವನ್ನೇ ಕಳೆದುಕೊಂಡರು. ಆಮೇಲೆ ತರಬೇತಿಯ ಕೋರ್ಸು ಮುಗಿಸಿ ಬಂದು ಶೆಡ್ಡು ತೆರೆದರು. ಕಲಿತದ್ದರಲ್ಲೆಲ್ಲ ಅವರಿಗೆ ಪ್ರಿಯವಾದದ್ದು ಹಗುರ ವಾರ. ಕೆಲವು ವಾರ ಮೈ ಮುರಿಯುವಷ್ಟು ದುಡಿಸಿ, ಒಂದು ವಾರ ಭಾರವನ್ನು ಅರ್ಧಕ್ಕಿಳಿಸುವುದು. ಕಸುವು ಕೂಡುವುದು ಆ ವಾರದಲ್ಲೇ ಎನ್ನುತ್ತಾರೆ. ಹಾಗೆನ್ನುವಾಗ ಅವರ ಮುಖ ನೋಡಬೇಕು, ಮಗಳ ಮದುವೆ ಗೊತ್ತುಮಾಡಿ ಬಂದವರ ಹಾಗಿರುತ್ತದೆ.

ಕಮಲಾಪುರದ ಮಲ್ಲಿಕಾ ಕುಸ್ತಿಯ ಹುಡುಗಿ. ಬೆಳಿಗ್ಗೆ ಊರಿನ ಗರಡಿಮನೆಯಾದ ತಾಲೀಮಿನಲ್ಲಿ ದತ್ತಪ್ಪ ವಸ್ತಾದರ ಬಳಿ ಕುಸ್ತಿ ಕಲಿತು, ಸಂಜೆ ಬಸ್ಸು ಹಿಡಿದು ಮಾಸ್ತರರ ಶೆಡ್ಡಿಗೆ ಬರುತ್ತಿದ್ದಳು. ರಾಜ್ಯ ತಂಡದ ಆಯ್ಕೆ ಹತ್ತಿರ ಬಂದಿತ್ತು. ವಯಸ್ಸಿನ ಲೆಕ್ಕದಲ್ಲಿ ಜೂನಿಯರ್ ವಿಭಾಗಕ್ಕೆ ಇದೇ ಅವಳ ಕೊನೆಯ ಅವಕಾಶ. ಮಾಸ್ತರರು ಲೆಕ್ಕ ಹಾಕಿ ಹಗುರ ವಾರ ಕೊಟ್ಟರು.

ಆ ವಾರ ಹುಡುಗಿ ಚಿಗುರಬೇಕಿತ್ತು. ಬದಲಿಗೆ ಸೊರಗಿದಳು. ಅರ್ಧಕ್ಕಿಳಿಸಿದ ಭಾರವನ್ನೂ ತಿಣುಕಿ ಎತ್ತಿದಳು. ಕುಳಿತಲ್ಲಿಂದ ಏಳುವಾಗ ಗೋಡೆ ಹಿಡಿದಳು.

“ಬೆಳಿಗ್ಗಿ ಏನ್ ಮಾಡಾಕತ್ತೀ, ಖರೇ ಹೇಳು,” ಎಂದರು ಮಾಸ್ತರರು.

“ವಸ್ತಾದರು ಕುಂತು ಏಳೂ ಬೈಠಕ್ ಡಬಲ್ ಮಾಡ್ಯಾರ್ರೀ ಸರ್.”

“ಹಗುರ ವಾರ ಅದ ಅಂತ ಹೇಳಲಿಲ್ಲೇನು ಅವರಿಗಿ?”

“ಅವರಿಗಿ ಹ್ಯಾಂಗ್ ಹೇಳ್ಲಿರೀ? ಡಬಲ್ ಅಂತ ನಿಮಗರ ಹ್ಯಾಂಗ್ ಹೇಳ್ಲಿ?”

ಒಬ್ಬ ವಸ್ತಾದನ ತಾಲೀಮಿಗೆ ಇನ್ನೊಬ್ಬ ಕರೆಯದೆ ಕಾಲಿಡಬಾರದು, ಈ ಕಡೆಯ ರಿವಾಜು ಅದು. ಮಾಸ್ತರರು ಕಮಲಾಪುರಕ್ಕೆ ಹೋಗಿರಲಿಲ್ಲ, ದತ್ತಪ್ಪ ಶೆಡ್ಡಿಗೆ ಬಂದಿರಲಿಲ್ಲ. ಪರಸ್ಪರ ಗೌರವದಿಂದ ಒಂದು ಫೋನೂ ಮಾಡಿರಲಿಲ್ಲ. ಮರ್ಯಾದೆ ಇಬ್ಬರು ಗಂಡಸರದು, ಉರಿಯುತ್ತಿದ್ದದ್ದು ಹುಡುಗಿಯ ತೊಡೆ. ಮಾಸ್ತರರಿಗೆ ತಮ್ಮ ಮೇಲೆಯೇ ಕೆಟ್ಟ ಸಿಟ್ಟು ಬಂತು. ಕೋಚ್‌ಗೆ ಅಂಜುವುದೆಂದರೆ ಏನೆಂದು ಬಲ್ಲ ತಾವೇ ಇನ್ನೊಬ್ಬಳನ್ನು ಅಂಜಿಸಿ ಇಟ್ಟಿದ್ದರು.

ಮರುದಿನ ಮೊದಲ ಬಸ್ಸಿಗೇ ಕಮಲಾಪುರಕ್ಕೆ ಹೋದರು. ತಾಲೀಮಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಕೆಂಪು ಮಣ್ಣು ಮುಟ್ಟಿ ನಮಸ್ಕರಿಸಿದರು. ಪಟ್ಟು ಹಿಡಿದವರೆಲ್ಲ ಹಿಡಿದಲ್ಲೇ ನಿಂತರು.

“ಯಾರ್ ಕರದಿದ್ರು ನಿಮಗ?” ದತ್ತಪ್ಪನವರ ದನಿ ಗಡುಸಾಗಿತ್ತು.

“ಯಾರೂ ಕರದಿಲ್ರೀ. ತಪ್ಪಾಗ್ಯದ, ಅದಕ್ಕ ಬಂದೀನಿ. ಮಲ್ಲಿಕಾ ನಿಮ್ಮದೂ ಮಾಡಾಕತ್ಯಾಳ, ನಂದೂ ಮಾಡಾಕತ್ಯಾಳ. ನಿಮ್ಮದು ನನಗ ಗೊತ್ತಿಲ್ಲ, ನಂದು ನಿಮಗ ಗೊತ್ತಿಲ್ಲ.”

ದತ್ತಪ್ಪ ಮೀಸೆ ನೀವುತ್ತ ಕೇಳಿಸಿಕೊಂಡರು. ಆಮೇಲೆ ಮಲ್ಲಿಕಾಳನ್ನು ಕರೆದು, ಮೊಣಕಾಲಿನ ಮೇಲ್ಗಡೆ ಹೆಬ್ಬೆರಳಿನಿಂದ ಒತ್ತಿದರು. ಹುಡುಗಿ ತುಟಿ ಕಚ್ಚಿದಳು, ಕಣ್ಣಲ್ಲಿ ನೀರು ಬಂತು.

“ಇಕಿ ಮೈಗಳ್ಳಿ ಆಗ್ಯಾಳ ಅಂತ ತಿಳದಿದ್ದೆ ನಾ,” ಎಂದರು ದತ್ತಪ್ಪ ಮೆಲ್ಲಗೆ. “ಸುಸ್ತಾದಷ್ಟೂ ಬೈಠಕ್ ಹೆಚ್ಚ ಮಾಡ್ದೆ.” ಆಮೇಲೆ ಎಲ್ಲರೆದುರು ಅವಳಿಗೆ ಹೇಳಿದರು, “ಆಯ್ಕಿ ತನಕ ಬೈಠಕ್ ಬಂದ್. ಪಟ್ಟು ನೋಡ್ಕೋತ ಕುಂದ್ರು.”

ಆಯ್ಕೆ ನಡೆದದ್ದು ಕಲಬುರಗಿಯಲ್ಲೇ. ಕೊನೆಯ ಕುಸ್ತಿಯಲ್ಲಿ ಎದುರಾಳಿ ಮೊದಲಿಗೇ ಅಂಕ ಬಾಚಿಕೊಂಡಳು. ಹಗುರ ಮಾಡಿ ಕೆಡಿಸಿದೆನೇ ಎಂದು ಮಾಸ್ತರರಿಗೆ ಎನಿಸಿತು. ಆದರೆ ಕೊನೆಕೊನೆಗೆ ಎದುರಾಳಿಯ ಉಸಿರು ಸೋತಾಗ ಮಲ್ಲಿಕಾಳ ಕಾಲು ಗಟ್ಟಿಯಾಗಿ ನಿಂತಿದ್ದವು. ಬಗ್ಗಿ ಹಿಡಿದವಳೇ ಎತ್ತಿ ಕೆಡವಿದಳು, ಮೇಲೇಳಲು ಬಿಡಲಿಲ್ಲ. ತಂಡದಲ್ಲಿ ಹೆಸರು ಬಂತು.

ಅವಳು ಬೆವರು ಒರೆಸಿಕೊಂಡು ಬರುವಷ್ಟರಲ್ಲಿ ಇಬ್ಬರೂ ಜಗಳಕ್ಕೆ ನಿಂತಿದ್ದರು. ನಾಳೆಯಿಂದಲೇ ಬೈಠಕ್ ಎಂದು ದತ್ತಪ್ಪ, ಸೋಮವಾರದವರೆಗೆ ಮುಟ್ಟಕೂಡದು ಎಂದು ಮಾಸ್ತರರು. ಮಲ್ಲಿಕಾ ಒಮ್ಮೆ ಇವರ ಮುಖ, ಒಮ್ಮೆ ಅವರ ಮುಖ ನೋಡಿದಳು.

“ನೀವಿಬ್ರೂ ಮಾತಾಡಿ ಮುಗಸ್ರೀ,” ಎಂದಳು. “ನನ್ ಕಾಲು ಇನ್ನೂ ನೋಯಾಕತ್ತಾವ. ನಾ ಊಟ ಮಾಡಿ ಬರ್ತೇನಿ.”

ನೋಯುತ್ತಿದೆ ಎಂಬ ಮಾತನ್ನು ಅವಳು ಅಂಜದೆ ಇಬ್ಬರೆದುರೂ ಹೇಳಿದ್ದಳು. ಅವಳು ಮೆಟ್ಟಿಲಿಳಿದು ಹೋಗುವುದನ್ನು ನೋಡುತ್ತ ನಿಂತ ಝಹೀರ್ ಮಾಸ್ತರರ ಕಣ್ಣು ತುಂಬಿ ಬಂದವು.