ಎರವಲು ತಂದ ಈಳಿಗೆಮಣೆಗಳು

ಅರವತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಮುಂಬಯಿಯ ಒಂದು ಕಲಾಶಾಲೆಯಲ್ಲಿ ಡಿಸೈನ್ ಓದುತ್ತಿದ್ದೆ. ಒಂದು ಬೇಸಿಗೆ ರಜೆಗೆ ನಮಗೆಲ್ಲ ಕೆಲಸ ಹಚ್ಚಿದರು. ನಿಮ್ಮ ಊರಲ್ಲಿ ದಿನಾ ಬಳಸುವ ಒಂದು ವಸ್ತುವನ್ನು ಆರಿಸಿ, ಅದರ ಬಗ್ಗೆ ಸಂಶೋಧನೆ ಮಾಡಿ, ಅದಕ್ಕಿಂತ ಒಳ್ಳೆಯದನ್ನು ಮಾಡಿಕೊಂಡು ಬನ್ನಿ ಎಂದರು. ಸಹಪಾಠಿಗಳು ಕುರ್ಚಿ, ದೀಪ ಎಂದು ಆರಿಸಿಕೊಂಡರು. ನಾನು ಈಳಿಗೆಮಣೆ ಎಂದೆ. ಮೇಲೆ ಕೂತು ಅಲಗಿನಲ್ಲಿ ತರಕಾರಿ ಹೆಚ್ಚುವ, ತುದಿಯ ಹಲ್ಲಿನಲ್ಲಿ ಕಾಯಿ ತುರಿಯುವ ಈ ಮಣೆ ಇಲ್ಲದೆ ನಮ್ಮ ಕಡೆ ಒಂದು ಹೊತ್ತಿನ ಅಡುಗೆಯೂ ಆಗುವುದಿಲ್ಲ. ಎಲ್ಲರೂ ನಕ್ಕರು. ನಗಲಿ ಎಂದುಕೊಂಡೆ.

ನಗುವ ಸ್ಥಿತಿಯಲ್ಲಿ ನಾನಂತೂ ಇರಲಿಲ್ಲ. ಕುಮಟೆಯಲ್ಲಿ ಹೈಸ್ಕೂಲು ಮಾಸ್ತರನಾಗಿದ್ದ ಅಪ್ಪ ನನ್ನನ್ನು ಒಂದು ಷರತ್ತಿನ ಮೇಲೆ ಕಳಿಸಿದ್ದ. ಒಂದೇ ಒಂದು ಸಲ ನಪಾಸಾದರೂ ಗಂಟುಮೂಟೆ ಕಟ್ಟಿ ಮನೆಗೆ ಬರಬೇಕು, ಬಂದ ಮೇಲೆ ಅವನು ತೋರಿಸಿದವನನ್ನು ಮದುವೆಯಾಗಬೇಕು. ಹಿಂದಿನ ಪರೀಕ್ಷೆಯಲ್ಲಿ ಹೇಗೋ ಪಾರಾಗಿದ್ದೆ. ಈ ಕೆಲಸ ಕೆಟ್ಟರೆ ಮುಂಬಯಿ ಮುಗಿದ ಹಾಗೆಯೇ.

ಶಾಲೆಯವರು ಪ್ರಶ್ನಾವಳಿಯೊಂದನ್ನು ಅಚ್ಚು ಹಾಕಿಸಿ ಕೊಟ್ಟಿದ್ದರು. ಅದನ್ನು ಹಿಡಿದು ಮೊದಲು ಹೊಳನಗದ್ದೆಗೆ, ನಮ್ಮ ಮನೆಗೆ ತರಕಾರಿ ತರುತ್ತಿದ್ದ ಗೌಡರ ಮನೆಗೆ ಹೋದೆ. ಮನೆಯೊಡತಿ ನನ್ನನ್ನು ಜಗಲಿಯಲ್ಲಿ ಕೂರಿಸಿ ಒಳಗೆ ಹೋದಳು. ಬಹಳ ಹೊತ್ತಿನ ಮೇಲೆ ತಿಕ್ಕಿ ತೊಳೆದು ಫಳಫಳ ಮಾಡಿದ ಈಳಿಗೆಮಣೆ ತಂದಿಟ್ಟಳು.

“ಇದ್ರಿಂದ ಏನಾದ್ರೂ ತೊಂದರೆ ಉಂಟಾ?” ಎಂದು ಕೇಳಿದೆ.

“ತೊಂದ್ರೆ ಎಂತದೂ ಇಲ್ಲ. ಚಲೋ ಅದೆ,” ಎಂದಳು.

ಹಳದೀಪುರದ ಸೋದರತ್ತೆಯದು ಇನ್ನೂ ಒಂದು ಕೈ ಮೇಲು. ತನ್ನ ಮದುವೆಯಲ್ಲಿ ಬಂದ, ಒಂದು ಕಾಯಿಯನ್ನೂ ಕಾಣದ ಮಣೆಯನ್ನು ಅಟ್ಟದಿಂದ ಇಳಿಸಿ ತೋರಿಸಿದಳು. ದಿನಾ ಬಳಸುವ ಮಣೆ, ಒಂದು ಕಾಲಿನಡಿ ಕರಟದ ಚೂರು ತುರುಕಿಸಿಕೊಂಡು, ಒಲೆಯ ಹಿಂದೆ ಅಡಗಿ ಕೂತಿತ್ತು. ನಮ್ಮವರು ನೆಂಟರೆದುರು ಮನೆಯ ಹುಳುಕು ಹೇಳುವವರಲ್ಲ. ಕಾಗದ ಹಿಡಿದು ಪ್ರಶ್ನೆ ಕೇಳಲು ಬಂದವಳು, ಅಣ್ಣನ ಮಗಳೇ ಆಗಿರಲಿ, ಆ ಹೊತ್ತಿಗೆ ನೆಂಟಳೇ.

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಬಸ್ಸಿನಲ್ಲಿ ವಾಪಸು ಬರುವಾಗ ಆ ಪ್ರಶ್ನಾವಳಿಯನ್ನು ಕಿಟಕಿಯಿಂದ ಎಸೆಯಬೇಕು ಅನಿಸಿತ್ತು. ಹಾಗಾದರೆ ನಮ್ಮ ಹೆಂಗಸರು ತಮ್ಮ ಮನೆಯ ಸಾಮಾನಿನ ಬಗ್ಗೆ ನಿಜ ಹೇಳುವುದು ಯಾವಾಗ? ಅದನ್ನು ಎರವಲು ಕೊಡುವಾಗ. ಕೊಡಪಾನವಾಗಲಿ, ಕೊಡೆಯಾಗಲಿ, ಹೀಗೆ ಹಿಡಿ, ಹಾಗೆ ಎಳೆಯಬೇಡ ಎಂದು ಎಚ್ಚರಿಸದೆ ಯಾರೂ ಕೊಟ್ಟದ್ದಿಲ್ಲ. ಪ್ರಶ್ನೆ ಕೇಳಬಾರದು, ಮಣೆಯನ್ನೇ ಕೇಳಬೇಕು. ಇದು ಹೊಳೆದಾಗ ಬಸ್ಸು ಎಲ್ಲಿತ್ತೋ ನೆನಪಿಲ್ಲ, ಕುಮಟೆಯಲ್ಲಿ ಇಳಿದಾಗ ಮಾತ್ರ ನಾನು ಒಬ್ಬಳೇ ನಗುತ್ತಿದ್ದೆ.

ಮರುದಿನ ಪಕ್ಕದ ಮನೆಗೆ ಹೋಗಿ, ಒಂದು ದಿನದ ಮಟ್ಟಿಗೆ ಈಳಿಗೆಮಣೆ ಕೊಡಿ ಎಂದು ಕೈ ಚಾಚಿದೆ. ಆ ಮನೆಯ ಅಕ್ಕ ನನ್ನ ಕೈಗೆ ಕೊಡದೆ ನೆಲಕ್ಕಿಟ್ಟಳು.

“ಅಲಗಿದ್ದದ್ದು ಕೈಗೆ ಕೊಡೂಕಾಗ. ಜಗಳ ಆಗ್ತದೆ. ನೀನೇ ಎತ್ಕೋ,” ಎಂದಳು.

ಮುಂಬಯಿಯಲ್ಲಿ ಕೈಯಿಂದ ಕೈಗೆ ಚಾಕು ದಾಟಿಸಿ ದಾಟಿಸಿ ಈ ಪದ್ಧತಿಯೇ ನನಗೆ ಮರೆತುಹೋಗಿತ್ತು. ಆ ಪದ್ಧತಿಯಿಂದ ನನಗೆ ಲಾಭವೇ ಆಯಿತು. ನೆಲಕ್ಕಿಟ್ಟ ಮಣೆ ಟಕಟಕ ಅಲುಗಾಡಿತು. ಅದು ಅಲುಗಾಡಿದ್ದು ಕಂಡ ಮೇಲೆ ಅಕ್ಕನ ಬಾಯಿ ಸುಮ್ಮನಿರುವುದು ಸಾಧ್ಯವೇ ಇರಲಿಲ್ಲ.

“ಎಡಗಾಲು ಗಟ್ಟಿ ಒತ್ಕಂಡು ಕೂರು, ಇಲ್ದಿದ್ರೆ ಮುಂದಕ್ಕೆ ಮಗುಚ್ತದೆ. ನಂಗೆ ಸೊಂಟ ಹಿಡ್ಕಂಡದ್ದು ಅದ್ರಿಂದ್ಲೇ.”

ಅಚ್ಚು ಹಾಕಿಸಿದ ಅಷ್ಟೂ ಪ್ರಶ್ನೆಗಳಿಗೆ ಸಿಗದ ಉತ್ತರ ಅದು. ಆ ಮಾತನ್ನು ಇದ್ದ ಹಾಗೆಯೇ ಬರೆದುಕೊಂಡೆ. ಮನೆಗೆ ತಂದು ಆ ದಿನದ ಅಡುಗೆಗೆಲ್ಲ ಅದೇ ಮಣೆಯಲ್ಲಿ ಹೆಚ್ಚಿದೆ, ತುರಿದೆ. ಅಕ್ಕ ಹೇಳಿದ ನೋವು ನನ್ನ ಸೊಂಟಕ್ಕೂ ಬರುವ ತನಕ ಏಳಲಿಲ್ಲ. ಆಮೇಲೆ ಕೂತ ಹೆಂಗಸಿನ ಚಿತ್ರ ಬರೆದು, ನೋವಾದಲ್ಲಿ ಕೆಂಪು ಗುರುತು ಹಾಕಿದೆ. ನನ್ನ ವಿಧಾನ ಇಷ್ಟೇ. ಎರವಲು ಕೇಳುವುದು, ಎಚ್ಚರಿಕೆಯ ಮಾತು ಕೇಳಿಸಿಕೊಳ್ಳುವುದು, ಆ ಮಾತು ನನ್ನ ಮೈಯಲ್ಲಿ ನಿಜವಾಗುವವರೆಗೆ ದುಡಿಯುವುದು.

ಹೊಳನಗದ್ದೆಗೆ ಮತ್ತೆ ಹೋದೆ. ತೊಂದರೆಯೇ ಇಲ್ಲ ಎಂದಿದ್ದ ಅದೇ ಗೌಡತಿ, “ಹಲ್ಲು ಬಲಕ್ಕೆ ಓರೆ ಅದೆ, ಬೆರಳು ನೋಡ್ಕೋ,” ಎಂದಳು. ಹೊನ್ನಾವರದಲ್ಲಿ ಲಾಂಚು ಹತ್ತಿ ಶರಾವತಿ ದಾಟಿ ಭಟ್ಕಳಕ್ಕೂ ಹೋದೆ. ಅಪ್ಪ ಅಲ್ಲಿ ಮಾಸ್ತರನಾಗಿದ್ದಾಗ ನೆರೆಯಲ್ಲಿದ್ದ ನವಾಯತ ಮುಸ್ಲಿಮರ ಮನೆಯ ಅಮ್ಮ ಅಡುಗೆಮನೆಯಲ್ಲೇ ಈಳಿಗೆಮಣೆ ಹಾಕಿಕೊಟ್ಟು, “ಜರಾ ಸಂಭಾಳಿಸು ಬೇಟಿ. ಬಟ್ಟೆ ಮಡಚಿ ಹಾಕದೆ ಕೂತರೆ ತೊಡೆ ಕೊರೀತದೆ,” ಎಂದರು. ಅವರ ಮನೆಯ ಮದುವೆಯೂಟದ ಅಷ್ಟೂ ಕಾಯಿ ತುರಿದು, ತೊಡೆ ಕೊರೆಸಿಕೊಂಡೇ ಬಂದೆ.

ಅಷ್ಟರಲ್ಲಿ ಮನೆಯಲ್ಲಿ ಬೆಂಕಿ ಹತ್ತಿತ್ತು. ನಮ್ಮ ಮನೆಯಲ್ಲಿ ಒಂದು ಈಳಿಗೆಮಣೆಗೂ ಗತಿಯಿಲ್ಲ ಎಂದು ಸುದ್ದಿ ಹಬ್ಬಿತ್ತು. ಹಳದೀಪುರದ ಅತ್ತೆ ಮರುಕಪಟ್ಟು, ಬಸ್ಸಿನ ಕಂಡಕ್ಟರನ ಕೈಯಲ್ಲಿ ಹೊಸದೊಂದನ್ನು ಕಳಿಸಿಯೇಬಿಟ್ಟಳು. ನನ್ನ ಅಮ್ಮ, ನಮ್ಮ ಮಾತಿನಲ್ಲಿ ಆಯಿ, ಅದನ್ನು ಎತ್ತಿ ಮೂಲೆಗೆ ಕುಕ್ಕಿದಳು.

“ಮಾಸ್ತರ ಕೂಸು ಊರೂರು ತಿರುಗಿ ಬೇಡ್ತು ಹೇಳಿ ಎಲ್ಲರೂ ಮಾತಾಡ್ತ. ಸಾಕು ಕೂಸೇ, ನಿಲ್ಲಿಸು.”

“ನಿಲ್ಲಿಸ್ತ್ನಿಲ್ಲೆ ಆಯಿ,” ಎಂದೆ.

ಸಿಟ್ಟಿನಲ್ಲಿದ್ದರೂ ಆಯಿ ನಾನು ತುರಿದ ಕಾಯಿಯ ಹುಳಿಯನ್ನು ಎರಡೆರಡು ಸಲ ಬಡಿಸಿಕೊಂಡಳು.

ರಜೆ ಮುಗಿಯುವುದರೊಳಗೆ, ಮುಂದೆ ಮಗುಚದ, ಹಲ್ಲನ್ನು ಬೇಕಾದ ಕಡೆಗೆ ತಿರುಗಿಸಬಲ್ಲ, ಅಗಲ ಕೂರುಮಣೆಯ ಈಳಿಗೆಯೊಂದನ್ನು ಬಡಗಿಯಿಂದ ಮಾಡಿಸಿ ಮುಂಬಯಿಗೆ ಒಯ್ದೆ. ಅಲ್ಲಿ ನಮ್ಮ ಮುಖ್ಯ ಅಧ್ಯಾಪಕರು ಅದನ್ನು ನೋಡಲೇ ಇಲ್ಲ. ಮೊದಲು ಕೇಳಿದ್ದು ಪ್ರಶ್ನಾವಳಿ. ಅದು ಖಾಲಿ ಇತ್ತು.

“ಹಾಗಾದರೆ ನೀನು ಸಂಶೋಧನೆ ಮಾಡಿಲ್ಲ,” ಎಂದರು.

“ಮಾಡಿದ್ದೇನೆ ಸರ್. ಇದನ್ನು ತುಂಬಿಸಿದ್ದರೆ ಅಟ್ಟದ ಮೇಲಿನ ಮಣೆಗಳ ವಿಷಯ ಸಿಗುತ್ತಿತ್ತು. ನಾನು ಒಲೆಯ ಹಿಂದಿನದ್ದನ್ನು ತಂದಿದ್ದೇನೆ,” ಎಂದು ಕೆಂಪು ಗುರುತಿನ ಚಿತ್ರಗಳನ್ನು ಮೇಜಿನ ತುಂಬ ಹರಡಿದೆ.

ಅವರು ಒಂದೊಂದು ಗುರುತಿನ ಮೇಲೂ ಬೆರಳಿಟ್ಟು ಕೇಳಿದರು. ಒಂದೊಂದಕ್ಕೂ ಹೇಳಿದೆ. ಸೊಂಟದ್ದು ಯಾರ ಮಾತು, ಬೆರಳಿನದ್ದು ಯಾವ ಊರು, ತೊಡೆಯದ್ದು ನನಗೆ ಎಷ್ಟು ದಿನ ಉಳಿಯಿತು ಎಂದು ಹೇಳುತ್ತ ಹೋದಂತೆ ಹೆದರಿಕೆ ಎಲ್ಲಿಗೋ ಹೋಯಿತು.

“ಇದು ಯಾವ ಪುಸ್ತಕದ ವಿಧಾನ?”

“ಪುಸ್ತಕದ್ದಲ್ಲ ಸರ್. ನನ್ನದು.”

ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. ಮುಂದಿನ ವರ್ಷದ ಹುಡುಗರಿಗೆ ಇದನ್ನು ನೀನೇ ಬಂದು ಹೇಳು ಎಂದು, ಪಾಸೆಂದು ಸಹಿ ಹಾಕಿದರು. ಹೆಮ್ಮೆಪಡುವುದು ಒಳ್ಳೆಯ ಲಕ್ಷಣವಲ್ಲ ಎನ್ನುವವರು ಪಡದೆ ಇರಲಿ. ನಾನು ಹೊಟ್ಟೆ ತುಂಬ ಪಟ್ಟೆ, ಇವತ್ತಿಗೂ ಪಡುತ್ತೇನೆ.

ಸುದ್ದಿ ತಿಳಿದು ಅಪ್ಪ ಬರೆದ ಕಾಗದದಲ್ಲಿ ಮಳೆಯ ವಿಷಯ ಬಿಟ್ಟು ಬೇರೇನೂ ಇರಲಿಲ್ಲ. ಷರತ್ತು ಹಾಗೆಯೇ ಇದೆಯೋ ಸಡಿಲಾಯಿತೋ ತಿಳಿಯಲಿಲ್ಲ. ಮುಂದಿನ ರಜೆ ಮುಗಿಸಿ ಹೊರಟಾಗ ಕುಮಟೆಯ ಬಸ್ ಸ್ಟ್ಯಾಂಡಿಗೆ ಬಂದಿದ್ದ. ಪರಿಚಯದವರೊಬ್ಬರು ಎದುರಾಗಿ, “ಕೂಸಿನ ಮದುವೆ ಯಾವಾಗ ಮಾಸ್ತರೇ?” ಎಂದು ಕೇಳಿದರು. ಅದುವರೆಗೆ ಯಾರಾದರೂ ನನ್ನ ಓದಿನ ಬಗ್ಗೆ ಕೇಳಿದರೆ ‘ಎಂತೋ ಚಿತ್ರಗಿತ್ರ’ ಎಂದು ಮಾತು ತೇಲಿಸುತ್ತಿದ್ದ ಅಪ್ಪ, ನನ್ನ ಟ್ರಂಕನ್ನು ಬಸ್ಸಿನ ಮೇಲಕ್ಕೆ ದಾಟಿಸಿ, ಕೈ ಕೊಡವಿಕೊಂಡು, ಸುತ್ತ ನಿಂತವರಿಗೆಲ್ಲ ಕೇಳಿಸುವಂತೆ ಹೇಳಿದ:

“ಕೂಸು ಸಂಶೋಧನೆ ಮಾಡ್ತಾ ಇದ್ದು. ಮೊದ್ಲು ಅದು ಮುಗೀಲಿ.”