ಬಿಳಿ ಅಂಗಿಯ ಸರ್

ವಾಡಿಯಲ್ಲಿ ಬಿಳಿ ಅಂಗಿ ತೊಡುವುದೇ ಒಂದು ಹಟ. ಸಿಮೆಂಟಿನ ಧೂಳು ತುಳಸಿ ಗಿಡವನ್ನೂ ಬಿಡದ ಊರಿನಲ್ಲಿ ನಮ್ಮ ಪಿಯುಸಿ ಫಿಸಿಕ್ಸ್ ಸರ್ ಸಿದ್ರಾಮಪ್ಪ ದಿನಾ ಬಿಳಿ ಅಂಗಿಯಲ್ಲೇ ಬರುತ್ತಿದ್ದರು. ಪಾಠದ ನಡುವೆ ತೋಳನ್ನು ಬೆಳಕಿಗೆ ಹಿಡಿದು, ಚುಕ್ಕೆ ಕಂಡರೆ ಉಗುರಿನಿಂದ ಕೆರೆಯುವರು. "ಕಲೆ ಅಂದ್ರ ಇದ ನೋಡ್ರಿ. ಒಮ್ಮೆ ಹತ್ತಿತಂದ್ರ ಹೋಗಂಗಿಲ್ಲ," ಎಂದು ಕಲಾ ವಿಭಾಗದ ಕೋಣೆಯ ಕಡೆ ಗದ್ದ ತಿರುವುವರು. ನಾವು ನಗುತ್ತಿದ್ದೆವು. ನಾನೂ ನಕ್ಕಿದ್ದೇನೆ; ಅದಕ್ಕೂ ಈಗ ಸಿಟ್ಟು ಬರುತ್ತದೆ.

ಕಲಿಸುವುದರಲ್ಲಿ ಮಾತ್ರ ಅವರಿಗೆ ಎದುರಿಲ್ಲ. ಜ್ವರ ಬಂದ ಹುಡುಗಿಯ ಮನೆಗೇ ಹೋಗಿ ಪಾಠ ಹೇಳಿ ಬಂದವರು. ಆ ಹುಡುಗಿ ನಾನು. ಅದಕ್ಕೇ ಅಪ್ಪ ಡಿಗ್ರಿ ಫಾರ್ಮು ಹಿಡಿದು ನನ್ನನ್ನು ಅವರ ಮನೆಗೆ ಕರೆದೊಯ್ದರು.

ನನಗೆ ಮನಶ್ಶಾಸ್ತ್ರ ಓದಬೇಕಿತ್ತು. ಅದು ಬಿ.ಎ.ಯಲ್ಲೂ ಇತ್ತು, ಬಿ.ಎಸ್ಸಿ.ಯಲ್ಲೂ ಇತ್ತು. ನನಗೆ ಜೊತೆಗೆ ಸಮಾಜಶಾಸ್ತ್ರ, ಕನ್ನಡ ಬೇಕಿತ್ತು; ಅವು ಬಿ.ಎ.ಯಲ್ಲಿ ಮಾತ್ರ.

"ಮನಸ್ಸು ಓದಾಕಿಗೆ ಮಂದಿ ಬದುಕೂ ಗೊತ್ತಿರಬೇಕಲ್ರಿ ಸರ್," ಎಂದೆ.

"ಮಂದಿ ಬದುಕು ಬಸ್‌ಸ್ಟ್ಯಾಂಡಿನಾಗೂ ಸಿಗ್ತದ. ಬಿ.ಎ. ಮಾಡಿದಾಕಿ ಮುಂದ ಯಾರರ ಕುಂತು ಮಾತಾಡ್ತಾರೇನವ್ವಾ?" ಎಂದು ಅಪ್ಪನ ಕಡೆ ತಿರುಗಿದರು. "ಬಿ.ಎಸ್ಸಿ. ಬರಸ್ರಿ. ಇಲ್ಲಂದ್ರ ಪಿಯುಸಿ ಸೈನ್ಸ್ ನೀರಾಗ ಹೋತು."

ನಾನು ಬಿ.ಎ. ಅಂತಲೇ ಬರೆದೆ. ಅಪ್ಪ ಇಡೀ ಮಳೆಗಾಲ ನನ್ನೊಂದಿಗೆ ಮಾತಾಡಲಿಲ್ಲ. ಸರ್ ದಾರಿಯಲ್ಲಿ ನನ್ನನ್ನು ಕಂಡರೆ ರಸ್ತೆಯ ಆ ಬದಿಗೆ ದಾಟುತ್ತಿದ್ದರು. ಮುಂದೆ ಮನಶ್ಶಾಸ್ತ್ರದ ಎಂ.ಎಸ್ಸಿ.ಯಲ್ಲಿ ಬಿ.ಎ.ಯವರೂ ಬಿ.ಎಸ್ಸಿ.ಯವರೂ ಒಂದೇ ಬೆಂಚಿನಲ್ಲಿ ಕೂತೆವು. ಇದನ್ನು ಒಂದು ದಿನ ಅವರ ಮುಖಕ್ಕೆ ಹೇಳಬೇಕೆಂದು ಕಾದಿದ್ದೆ.

ಹೋದ ವರ್ಷ ಚಿತ್ತಾಪುರದ ಆಸ್ಪತ್ರೆಯಲ್ಲಿ, ನಾನು ಆಪ್ತಸಮಾಲೋಚಕಿಯಾಗಿ ಕೂರುವ ಕೋಣೆಗೆ ಅವರೇ ಬಂದರು. ಹೆಂಡತಿ ತೀರಿಕೊಂಡು ಮೂರು ತಿಂಗಳು, ನಿದ್ದೆಯಿಲ್ಲ ಎಂದು ಡಾಕ್ಟರ ಚೀಟಿಯಲ್ಲಿತ್ತು. ನನ್ನ ಗುರುತು ಹತ್ತಲಿಲ್ಲ. ಅಂಗಿ ಬಿಳಿಯದೇ, ಕಿಸೆಯ ಮೇಲೆ ಬ್ಯಾಳಿ ಸಾರಿನ ಹಳದಿ ಕಲೆ. ಅವರು ಅದನ್ನು ನೋಡಿಕೊಂಡೂ ಇರಲಿಲ್ಲ.

ಕುರ್ಚಿಯ ಬೆನ್ನು ಹಿಡಿದು ನಿಂತೇ ಕೇಳಿದರು: "ನೀವು ಬಿ.ಎಸ್ಸಿ. ಮಾಡೀರೇನ್ರಿ, ಬಿ.ಎ.ನೋ?"

ಎಂಟು ವರ್ಷದ ಸಿಟ್ಟು ಬಾಯಿಗೆ ಬಂತು. "ಬಿ.ಎ. ರೀ ಸರ್."

"ಹಂಗಾ," ಎಂದರು. "ಮತ್ತ ಬರ್ತೀನ್ರಿ."

ಬರಲಿಲ್ಲ. ದೀಪಾವಳಿಯ ಹೊತ್ತಿಗೆ ಸರ್ ತೀರಿಕೊಂಡರೆಂದು ಅಪ್ಪ ಫೋನಿನಲ್ಲಿ ಹೇಳಿದರು.

ಅವರ ಮೇಲಿನ ಸಿಟ್ಟು ಇಳಿದಿಲ್ಲ, ಇಳಿಯುವುದೂ ಬೇಡ. ಆದರೆ ನಮ್ಮ ಕಡೆ ಹೊಸ್ತಿಲಿಗೆ ಯಾರೇ ಬರಲಿ, ಮೊದಲು ಆಡುವ ಮಾತೊಂದಿದೆ. ನನ್ನ ಕೋಣೆಗೆ ಬಂದವರಿಗೆಲ್ಲ ದಿನಾ ಹೇಳುತ್ತೇನೆ. ಅವತ್ತು ಅವರಿಗೆ ಮಾತ್ರ "ಕುಂದ್ರಿ" ಅನ್ನಲಿಲ್ಲ.